ಟ್ರೈಕೋಡರ್ಮಾ ಹಾಕಿದರೂ ಬಳ್ಳಿ ಸೊರಗಿದ್ದೇಕೆ?

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ: ಜೂನ್‌ನಲ್ಲಿ ಮೆಣಸಿನ ಬಳ್ಳಿಗಳ ಬುಡಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ–ಸುಣ್ಣದ ಮಿಶ್ರಣ) ಹೊಯ್ದು, ಮೂರನೇ ದಿನ 1 ಕಿಲೋ ಟ್ರೈಕೋಡರ್ಮಾ ಎಂಬ ಉಪಕಾರಿ ಬೂಷ್ಟಿನ ಪುಡಿಯನ್ನು 200 ಲೀಟರ್ ನೀರಿಗೆ ಕದಡಿ ಹಾಕಿದರಂತೆ. ಜುಲೈ ಕೊನೆಗೆ ಹತ್ತಾರು ಬಳ್ಳಿ ಎಲೆ ಉದುರಿಸಿದವು. ‘ಈ ಬೂಷ್ಟು ಏನೋ ರಸ ಸುರಿಸಿ ರೋಗ ತಡೆಯುತ್ತದೆ ಅಂತಾರೆ. ನಿಜವೋ, ಬರೀ ಅಂಗಡಿ ಮಾತೋ?’ ಎಂದು ಕೇಳಿದ್ದಾರೆ.

ಮಾನ್ಯರೇ,

ರಸ ಸುರಿಸುವುದು ನಿಜ. ಆದರೆ ನೀವು ಹಾಕಿದ ಪುಡಿಯಲ್ಲಿದ್ದುದು ಹೆಚ್ಚಾಗಿ ಮಲಗಿರುವ ಬೀಜಕಣಗಳು. ಅವು ಮೊಳೆತು, ಎಳೆ ಬಿಟ್ಟು, ಹೊಟ್ಟೆಗೆ ಏನಾದರೂ ಬಿದ್ದ ಮೇಲೆಯೇ ಸ್ರವಿಸಲು ತೊಡಗುವುದು. ನಿಮ್ಮ ತೋಟದಲ್ಲಿ ಮೈಲುತುತ್ತದ ತಾಮ್ರ ಅವನ್ನು ಮೊಳೆಯುವಾಗಲೇ ಹೊಸಕಿರಬೇಕು. ತಾಮ್ರಕ್ಕೆ ಒಳ್ಳೆ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಎಂಬ ಭೇದವಿಲ್ಲ.

ಈ ಸ್ರಾವದಲ್ಲಿ ಶತ್ರುವಿನ ಕೋಶಭಿತ್ತಿ ಕರಗಿಸುವ ಕಿಣ್ವಗಳಿವೆ. ಎಲ್ಲರೂ ಕೈಟಿನ್ ಎಂಬ ಭಿತ್ತಿವಸ್ತುವನ್ನು ಕರಗಿಸುವ ಕೈಟಿನೇಸ್ ಒಂದನ್ನೇ ಹೊಗಳುತ್ತಾರೆ. ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ರೋಗಾಣುವಿನ ಎದುರು ಅದರ ಆಟ ಅಷ್ಟಾಗಿ ನಡೆಯದು. ಫೈಟಾಫ್ತೊರಾದ ಭಿತ್ತಿ ಮುಖ್ಯವಾಗಿ ಗ್ಲೂಕನ್ ಮತ್ತು ಸೆಲ್ಯುಲೋಸ್‌ನದು, ಹಾಗಾಗಿ ಅಲ್ಲಿ ದುಡಿಯುವುದು ಗ್ಲೂಕನೇಸ್, ಸೆಲ್ಯುಲೇಸ್. ಇನ್ನು ಕೆಲವು ಸ್ರಾವಗಳು ಗಿಡವನ್ನೇ ಎಚ್ಚರಿಸುತ್ತವೆ. ಎಸ್‌ಎಂ1 ಎಂಬ ಪುಟ್ಟ ಪ್ರೋಟೀನು ಬೇರಿನ ಬಳಿ ಸಿಕ್ಕರೆ ಸಾಕು, ಹತ್ತಿ ಮತ್ತು ಮೆಕ್ಕೆಜೋಳ ಎಲೆಯವರೆಗೂ ರಕ್ಷಣೆಗೆ ಸಜ್ಜಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಮತ್ತೊಂದನ್ನು ನೀವೇ ಮೂಸಿ ನೋಡಬಹುದು: ಪೆಂಟೈಲ್ ಪೈರೋನ್. ಈ ಬೂಷ್ಟು ಚೆನ್ನಾಗಿ ಬೆಳೆದ ಗೊಬ್ಬರದ ರಾಶಿಯ ಮೇಲಿನ ಗೋಣಿ ಎತ್ತಿದರೆ ತೆಂಗಿನಕಾಯಿ ತುರಿದ ಹಾಗೆ ಘಮ್ಮೆನ್ನುತ್ತದೆ. (ಎಲ್ಲ ತಳಿಗೂ ಈ ವಾಸನೆ ಇಲ್ಲ, ಬರಲಿಲ್ಲವೆಂದು ಗಾಬರಿಯಾಗಬೇಡಿ.)

ಆದ್ದರಿಂದ ಟ್ರೈಕೋಡರ್ಮಾವನ್ನು ಮೊದಲು ಊಟ ಹಾಕಿ ಬೆಳೆಸಿ. ಪೊಟ್ಟಣದ ಮೇಲೆ ಅವಧಿ ನೋಡಿ. ಗ್ರಾಮಿಗೆ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕು. 90 ಕಿಲೋ ಹಳೆಯ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1 ಕಿಲೋ ಪುಡಿ ನೆರಳಲ್ಲಿ ಕಲಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಒದ್ದೆ ಗೋಣಿ ಹೊದಿಸಿ, ಐದಾರು ದಿನಕ್ಕೊಮ್ಮೆ ಮಗುಚಿ. ಮೊದಲು ಬಿಳಿ ಎಳೆ, ಆಮೇಲೆ ಹಸಿರು ಪುಡಿ ಕಾಣುತ್ತದೆ; 15 ದಿನಕ್ಕೆ ಸಿದ್ಧ. ಹಸಿ ಸಗಣಿ ಬಳಸಿದರೆ ರಾಶಿ ಬಿಸಿಯೇರಿ ಎಲ್ಲ ಸಾಯುತ್ತದೆ. ನೀರು ಜಾಸ್ತಿಯಾದರೆ ಗಾಳಿಯಾಡದೆ ನಾರುತ್ತದೆ.

ಮುಂಗಾರು ಹಿಡಿಯುತ್ತಲೇ ಈ ಗೊಬ್ಬರವನ್ನು ಪ್ರತಿ ಬಳ್ಳಿಗೆ 1ರಿಂದ 2 ಕಿಲೋ ಹಾಕಿ, ದರಗು ಮುಚ್ಚಿ, ಆಗಸ್ಟ್–ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ. ಬುಡ ಕೆದಕಬೇಡಿ, ಗಾಯವಾದ ಬೇರು ರೋಗಕ್ಕೆ ಬಾಗಿಲು. ತಾಮ್ರ ಹೊಯ್ದಿದ್ದರೆ 3 ವಾರ ಕಾಯಿರಿ. ಬೋರ್ಡೋವನ್ನು ಎಲೆಗೆ ಮಾತ್ರ ಹೊಡೆದು, ಬುಡಕ್ಕೆ ಪೊಟ್ಯಾಸಿಯಂ ಫಾಸ್ಫೋನೇಟ್ ಎಂಬ ರೋಗನಾಶಕ (ಲೀಟರ್ ನೀರಿಗೆ 3 ಮಿಲಿ) ಹಾಕಿದರೆ ಟ್ರೈಕೋಡರ್ಮಾಕ್ಕೆ ತೊಂದರೆಯಿಲ್ಲ.

ಎಲೆ ಉದುರಿಸಿ ನಿಂತಿರುವ ಬಳ್ಳಿಗಳಿಗೆ ಮಾತ್ರ ಈ ಗೊಬ್ಬರ ದಂಡ. ಬೇರು ಸಮೇತ ಕಿತ್ತು, ತೋಟದಾಚೆ ಸುಟ್ಟುಬಿಡಿ.

– ಸಂ.