ಏರಿನಲ್ಲಿ ಎಳೆಯದ ಹಳೆ ಮಾರುತಿ 800: ಬೋರ್ ಮಾಡಿಸುವ ಮೊದಲು

ಐಡ್ಲಿಂಗ್ ಸರಿಯಿದೆ, ಊರೊಳಗೆ ತೊಂದರೆಯಿಲ್ಲ, ಘಾಟಿ ಏರುವಾಗ ಮಾತ್ರ ಸ್ವಲ್ಪ ಹೊತ್ತಿಗೆ ಜರ್ಕ್ ಹೊಡೆದು ಪಿಕಪ್ ಸಾಯುತ್ತದೆ, ಎಂಜಿನ್ ಬೋರ್ ಮಾಡಿಸಬೇಕಾ (ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್, ರಿಂಗ್ ಹಾಕಿಸಬೇಕಾ) ಎಂದು ಕೇಳಿದ್ದೀರಿ. 1996ರ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿಗೆ ಇಷ್ಟಕ್ಕೇ ಬೋರ್ ಮಾಡಿಸುವುದು ದುಡ್ಡು ದಂಡ. ಪಿಸ್ಟನ್ ರಿಂಗ್ ಸವೆದಿದ್ದರೆ ಎಳೆತ ಎಲ್ಲ ಕಡೆಯೂ ಕಮ್ಮಿ ಇರುತ್ತಿತ್ತು, ನೀಲಿ ಹೊಗೆಯೂ ಕಾಣುತ್ತಿತ್ತು. ಇದು ಪೆಟ್ರೋಲ್ ಸಾಕಾಗದ ಲಕ್ಷಣ: ಕಾರ್ಬುರೇಟರಿನ ಬೌಲ್ (ಪೆಟ್ರೋಲ್ ನಿಲ್ಲುವ ಸಣ್ಣ ಬಟ್ಟಲು) ತುಂಬುವುದಕ್ಕಿಂತ ಬೇಗ ಖಾಲಿಯಾಗುತ್ತಿದೆ.

ಜರ್ಕ್ ಶುರುವಾದ ಕೂಡಲೇ ಬದಿಗೆ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಬುಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿಗೆ ಗಾಳಿ ಬರುವ ದಾರಿ ಕಟ್ಟಿದೆ, ಅದಕ್ಕೇ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ. (ಸುಮ್ಮನೆ ನಿಂತರೂ ಬೌಲ್ ತುಂಬಿ ಗಾಡಿ ಸರಿಹೋದಂತೆ ಅನ್ನಿಸುತ್ತದೆ, ಹಾಗಾಗಿ ಆ ಸದ್ದನ್ನೇ ನಂಬಿ.) ಪೆಟ್ರೋಲ್ ಫಿಲ್ಟರನ್ನು ಪರೀಕ್ಷೆಯೇ ಇಲ್ಲದೆ ಬದಲಿಸಿಬಿಡಿ, ಅಗ್ಗದ್ದು.

ಆಮೇಲೆ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು. ಎಂಜಿನ್ ತಣ್ಣಗಿರುವಾಗ ಇಗ್ನಿಷನ್ ಕಾಯಿಲಿನ ಸಣ್ಣ ವೈರ್ ಕಳಚಿ, ಕಾರ್ಬುರೇಟರಿಗೆ ಹೋಗುವ ಪೈಪನ್ನು ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆಸಿ. ಪಂಪಿನ ಹೊಡೆತಕ್ಕೊಮ್ಮೆ ಪೆಟ್ರೋಲ್ ಜೋರಾಗಿ ಚಿಮ್ಮಬೇಕು. ತೊಟ್ಟಿಕ್ಕಿದರೆ ಪಂಪು ಸೋತಿದೆ ಅಥವಾ ಟ್ಯಾಂಕಿನ ಕಡೆ ಕಸ ಕಟ್ಟಿದೆ. ಗುಳ್ಳೆ ಬಂದರೆ ಪಂಪಿಗೂ ಟ್ಯಾಂಕಿಗೂ ನಡುವಿನ ರಬ್ಬರ್ ಪೈಪು ಬಿರುಕು ಬಿಟ್ಟಿರಬಹುದು. ಡಿಪ್‌ಸ್ಟಿಕ್ (ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ) ಪೆಟ್ರೋಲ್ ವಾಸನೆ ಹೊಡೆದರೆ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಹರಿದಿರುವ ಸಾಧ್ಯತೆ ಹೆಚ್ಚು, ಎಂಜಿನ್ ಆಯಿಲನ್ನೂ ಬದಲಿಸಬೇಕು.

ಇವೆಲ್ಲ ಸರಿಯಿದ್ದರೆ ಮಾತ್ರ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ. ಮೂರೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಅಳೆಸಿ. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ತೊಂದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟಿನದು, ಅದಕ್ಕೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸಿದರೆ ಸಾಕು.