ಹರ್ಬೇರಿಯಂ (ಒಣಗಿಸಿದ ಸಸ್ಯಗಳ ಸಂಗ್ರಹ) ಹಾಳೆಯಲ್ಲಿ ಜರೀಗಿಡದ ಎಲೆಯನ್ನು ಬೆನ್ನು ಮೇಲಾಗಿ ಅಂಟಿಸುವುದೇಕೆ?

ಜರೀಗಿಡದ ಗುರುತು ಇರುವುದೇ ಎಲೆಯ ಬೆನ್ನಿನಲ್ಲಿ, ಅದಕ್ಕೆ. ಈ ಗಿಡಗಳಲ್ಲಿ ಹೂವೂ ಇಲ್ಲ, ಬೀಜವೂ ಇಲ್ಲ. ಬೀಜದ ಕೆಲಸ ಮಾಡುವ ಧೂಳಿನಂಥ ಬೀಜಾಣುಗಳು ಎಲೆಯಡಿ ಕಂದು ಚುಕ್ಕೆಗಳಾಗಿ ಗುಂಪುಗೂಡಿರುತ್ತವೆ. ಮೇಲಿನಿಂದ ಒಂದೇ ಥರ ಕಾಣುವ ಎಲೆಗಳನ್ನು ಬೇರ್ಪಡಿಸುವುದು ಈ ಚುಕ್ಕೆಗಳ ಜಾಗ ಮತ್ತು ಆಕಾರ. ಟೆರಿಸ್, ಆಸ್ಪ್ಲೀನಿಯಂ, ನೆಫ್ರೊಲೆಪಿಸ್ ಎಂಬ ಮೂರು ಜರೀಗಿಡ ಕುಲಗಳನ್ನೇ ನೋಡಿ. ಟೆರಿಸ್‌ನಲ್ಲಿ ಅವು ಎಲೆಯ ಅಂಚಿಗೆ ಸಾಲಾಗಿ, ಮಡಚಿದ ಅಂಚಿನಡಿ ಅಡಗಿರುತ್ತವೆ. ಆಸ್ಪ್ಲೀನಿಯಂನಲ್ಲಿ ನರಗಳ ಗುಂಟ ಗೆರೆ ಎಳೆದಂತೆ. ನೆಫ್ರೊಲೆಪಿಸ್‌ನ ಹಲವು ಜಾತಿಗಳಲ್ಲಿ ಪ್ರತಿ ಚುಕ್ಕೆಗೂ ಗೋಡಂಬಿ ಆಕಾರದ ಪುಟ್ಟ ಮುಚ್ಚಳ.

ಹಾಗಾಗಿ ಒಂದೇ ಹಾಳೆಯಲ್ಲಿ ಎಲೆಯ ಒಂದು ಭಾಗ ಬೋರಲು, ಇನ್ನೊಂದು ಅಂಗಾತ. ಬುಡದ ಗಡ್ಡೆಕಾಂಡವನ್ನೂ ಮಣ್ಣು ಕೊಡವಿ ಸೇರಿಸುತ್ತಾರೆ, ಅದರ ಹೊಟ್ಟಿನಂಥ ಪೊರೆಗಳೂ ಗುರುತಿಗೆ ಬೇಕು. ಸಕಲೇಶಪುರದ ಕಾಫಿ ತೋಟದ ಬಸಿಗಾಲುವೆಯಲ್ಲೋ ಕೆಮ್ಮಣ್ಣುಗುಂಡಿಯ ಹಾದಿಯಲ್ಲೋ ಸಿಕ್ಕಿದ ಎಲೆಯನ್ನು ದಿನಪತ್ರಿಕೆಯ ನಡುವೆ ಒತ್ತಿಟ್ಟು ನೋಡಿ. ಬಲಿತಿದ್ದರೆ ಮರುದಿನ ಕಾಗದದ ಮೇಲೆ ಕಂದು ಪುಡಿ ಉದುರಿರುತ್ತದೆ. ಸುರುಳಿ ಬಿಚ್ಚದ ಎಳೆ ಎಲೆ ತಂದರೆ ಮಾತ್ರ ಎಂಥ ತಜ್ಞರೂ ತಲೆ ಕೆರೆದುಕೊಳ್ಳಬೇಕು.

ಹಾಸನ ಜಿಲ್ಲೆಯಲ್ಲಿ ಸಸ್ಯವಿಜ್ಞಾನಿ ಫಾದರ್ ಸೆಸಿಲ್ ಸಲ್ಡಾನ್ಹಾ ಅವರ ತಂಡ ಸಂಗ್ರಹಿಸಿದ ಸಸ್ಯಮಾದರಿಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಲ್ಲಿ ನೋಡಬಹುದು.