ಚಿಪ್ ಚಾವಡಿ: 256ರಲ್ಲಿ ನಿಲ್ಲುವ ಮೋಟಾರ್

ಪ್ರಶ್ನೆ: ಎಟಿಮೆಗಾ328ಪಿ ಚಿಪ್ ಬಳಸಿ ಕಾಯಿಲ್ ಸುತ್ತುವ ಯಂತ್ರ ಮಾಡಿದ್ದೇನೆ. ಸುತ್ತಿಗೊಮ್ಮೆ ಸೆನ್ಸರ್ ಇಂಟರಪ್ಟ್ (ಚಿಪ್‌ನ ನಡೆಯುತ್ತಿರುವ ಕೆಲಸವನ್ನು ತಡೆದು ಬರುವ ಸೂಚನೆ) ಕೊಡುತ್ತದೆ, ಎಣಿಕೆ ಒಂದು ಹೆಚ್ಚುತ್ತದೆ. 500 ಮುಟ್ಟಿದಾಗ ಮೋಟಾರ್ ನಿಲ್ಲಬೇಕು. ಆದರೆ ಅಪರೂಪಕ್ಕೊಮ್ಮೆ 256ರಲ್ಲೇ ನಿಂತುಬಿಡುತ್ತದೆ. ಎಣಿಕೆಯನ್ನು ವೊಲಟೈಲ್ ಎಂದು ಘೋಷಿಸಿದ್ದೇನೆ, ಸೆನ್ಸರನ್ನೂ ಬದಲಿಸಿದ್ದೇನೆ. ವೈರಿಂಗ್ ದೋಷವೇ?

ಉತ್ತರ: ವೈರಿಂಗ್ ಮುಟ್ಟಬೇಡಿ. ತಂತಿಯ ದೋಷಕ್ಕೆ ಲೆಕ್ಕ ಬರುವುದಿಲ್ಲ. ಅದು 231ರಲ್ಲೂ ನಿಲ್ಲಿಸುತ್ತದೆ, 317ರಲ್ಲೂ ನಿಲ್ಲಿಸುತ್ತದೆ. ಪ್ರತಿ ಸಲವೂ 256 ಎಂದಾದರೆ ಅಲ್ಲಿ ಬೈಟ್‌ಗಳ (ಸೊನ್ನೆಯಿಂದ 255ರವರೆಗೆ ಹಿಡಿಯುವ 8 ಬಿಟ್‌ನ ತುಂಡುಗಳ) ಕೈವಾಡವಿದೆ.

ನಿಮ್ಮ ಚಿಪ್ 8 ಬಿಟ್‌ನದು, ಎಣಿಕೆ 16 ಬಿಟ್‌ನದು. ಅದನ್ನು ಒಂದೇ ಗುಟುಕಿಗೆ ಓದಲು ಚಿಪ್‌ಗೆ ಆಗದು. ಮೊದಲು ಕೆಳಗಿನ ಬೈಟ್, ಆಮೇಲೆ ಮೇಲಿನದು. ಎಣಿಕೆ 255 ಇದ್ದಾಗ ಕೆಳಗಿನ ಬೈಟ್ 255, ಮೇಲಿನದು ಸೊನ್ನೆ. ಎಣಿಕೆಯನ್ನು ಮತ್ತೆ ಮತ್ತೆ ಓದಿ 500ರೊಡನೆ ಹೋಲಿಸುವ ಲೂಪ್ ಆ 255ನ್ನು ಓದಿಕೊಂಡ ಮರುಗಳಿಗೆಯೇ ಇಂಟರಪ್ಟ್ ನುಗ್ಗಿ ಎಣಿಕೆಯನ್ನು 256 ಮಾಡಿತು ಎನ್ನಿ. ಈಗ ಕೆಳಗಿನ ಬೈಟ್ ಸೊನ್ನೆ, ಮೇಲಿನದು ಒಂದು, ಅದರ ಬೆಲೆ 256. ಲೂಪ್ ಹಳೆಯ ಕೆಳ ಬೈಟಿಗೆ ಹೊಸ ಮೇಲಿನ ಬೈಟನ್ನು ಜೋಡಿಸಿತು: 256 ಕೂಡಿಸು 255, ಒಟ್ಟು 511. ಅದು 500ಕ್ಕಿಂತ ಹೆಚ್ಚು, ಮೋಟಾರ್ ನಿಂತಿತು. ನಂಬಿಕೆ ಬಾರದಿದ್ದರೆ ಗುರಿಯನ್ನು 600ಕ್ಕೆ ಏರಿಸಿ ನೋಡಿ. ಇನ್ನು 256ರಲ್ಲಿ ನಿಲ್ಲದು, ಎಂದೋ ಒಮ್ಮೆ 512ರಲ್ಲಿ ನಿಂತೀತು.

16 ಮೆಗಾಹರ್ಟ್ಸ್‌ನಲ್ಲಿ ಇಂಥ ಒಂದು ಬೈಟ್ ಓದಲು 125 ನ್ಯಾನೊಸೆಕೆಂಡ್ ಸಾಕು. ಅಷ್ಟು ಕಿರಿದಾದ ಸಂದಿಗೆ ಇಂಟರಪ್ಟ್ ಸರಿಯಾಗಿ ಬೀಳಬೇಕು, ಅದಕ್ಕೇ ಅಪರೂಪ. ವೊಲಟೈಲ್ ಇಲ್ಲಿ ಕಾಪಾಡುವುದಿಲ್ಲ. 'ಪ್ರತಿ ಸಲ ಮೆಮೊರಿಯಿಂದಲೇ ಓದು' ಎಂದು ಅದು ಕಂಪೈಲರ್‌ಗೆ ಹೇಳುತ್ತದೆಯೇ ಹೊರತು 'ನಡುವೆ ಯಾರನ್ನೂ ಬಿಡಬೇಡ' ಎಂದಲ್ಲ. ಇಂಟರಪ್ಟ್‌ಗಳನ್ನು ಮುಚ್ಚಿ, ಎಣಿಕೆಯನ್ನು ಬೇರೊಂದು ವೇರಿಯಬಲ್‌ಗೆ ನಕಲು ಮಾಡಿ, ತಕ್ಷಣ ತೆರೆಯಿರಿ. ಹೋಲಿಕೆ ನಕಲಿನೊಡನೆ ನಡೆಯಲಿ. ಆ ಹೊತ್ತಿನಲ್ಲಿ ಬಂದ ಸುತ್ತು ಕಳೆದುಹೋಗದು. ಚಿಪ್ ಅದನ್ನು ಗುರುತು ಹಾಕಿಟ್ಟುಕೊಂಡು ಆಮೇಲೆ ಎಣಿಸುತ್ತದೆ.

ಇದೇ ತಪ್ಪಿಗೆ ನಾನು ಮೂರು ರಾತ್ರಿ ತೆತ್ತಿದ್ದೇನೆ. ಏನಾಗುತ್ತಿದೆ ಎಂದು ನೋಡಲು ಎಣಿಕೆಯನ್ನು ಸೀರಿಯಲ್ ಪೋರ್ಟ್‌ಗೆ ಕಳುಹಿಸುವ ಸಾಲು ಸೇರಿಸಿದೆ, ದೋಷ ಮಾಯ! ಸಾಲು ತೆಗೆದೆ, ಮರಳಿ ಬಂತು. ಆ ಸಾಲಿನಿಂದ ಲೂಪ್ ನಿಧಾನವಾಗಿ ಎಣಿಕೆಯನ್ನು ಓದುವುದೇ ವಿರಳವಾಗಿತ್ತು ಎಂದು ಹೊಳೆಯುವ ಮುನ್ನ ಎರಡು ಕೇಬಲ್ ಬದಲಿಸಿದ್ದೆ.

ಪ್ರಶ್ನೆ: ಹತ್ತು ನಿಮಿಷಕ್ಕೊಮ್ಮೆ ಮಿನುಗಬೇಕಾದ ದೀಪ ಸುಮಾರು ಏಳು ವಾರಕ್ಕೊಮ್ಮೆ ಎಡೆಬಿಡದೆ ಮಿನುಗಿ, ಹತ್ತು ನಿಮಿಷದೊಳಗೆ ತಾನೇ ಸರಿಹೋಗುತ್ತದೆ. ಏಕೆ?

ಉತ್ತರ: ಚಿಪ್ ಚಾಲೂ ಆದಾಗಿನಿಂದ ಕಳೆದ ಮಿಲಿಸೆಕೆಂಡ್‌ಗಳ 32 ಬಿಟ್ ಎಣಿಕೆ 49 ದಿನ 17 ಗಂಟೆಗೆ ತುಂಬಿ ಸೊನ್ನೆಗೆ ಮರಳುತ್ತದೆ. ನೀವು ಈಗಿನ ಸಮಯಕ್ಕೆ ಹತ್ತು ನಿಮಿಷ ಕೂಡಿಸಿ ಮುಂದಿನ ಗಡುವನ್ನು ಬರೆದಿಟ್ಟಿದ್ದೀರಿ. ಆ ಮೊತ್ತವೇ ಉಕ್ಕಿ ಚಿಕ್ಕದಾದಾಗ ಗಡುವು ಆಗಲೇ ದಾಟಿದಂತೆ ಕಾಣುತ್ತದೆ. ಕೂಡಿಸಬೇಡಿ, ಕಳೆಯಿರಿ: ಈಗಿನ ಸಮಯದಿಂದ ಹಿಂದಿನ ಸಲ ಮಿನುಗಿದ ಸಮಯವನ್ನು ಕಳೆದು ಹತ್ತು ನಿಮಿಷದೊಡನೆ ಹೋಲಿಸಿ. ಎರಡೂ ಅನ್‌ಸೈನ್ಡ್ (ಋಣ ಚಿಹ್ನೆಯಿಲ್ಲದ) 32 ಬಿಟ್ ಆಗಿರಲಿ. ಪರೀಕ್ಷೆಗೆ ಏಳು ವಾರ ಕಾಯಬೇಕಿಲ್ಲ; ಎಣಿಕೆ ತುಂಬಲು ಒಂದು ನಿಮಿಷವಷ್ಟೇ ಉಳಿಯುವಂತೆ ಸಮಯಕ್ಕೆ ಒಂದು ದೊಡ್ಡ ಸಂಖ್ಯೆ ಕೂಡಿಸಿ ಓಡಿಸಿ.

ಪ್ರಶ್ನೆ: ಸಿ ಭಾಷೆ ಬರುತ್ತದೆ. ಚಿಪ್‌ನ ಒಂದೊಂದು ಆದೇಶವನ್ನೂ ಬಿಡಿಸಿ ಬರೆಯುವ ಅಸೆಂಬ್ಲಿಯನ್ನೂ ಕಲಿಯಬೇಕೇ?

ಉತ್ತರ: ಬರೆಯಲು ಬೇಡ, ಓದಲು ಕಲಿಯಿರಿ. ಮೊದಲ ಪ್ರಶ್ನೆಯ ಎಣಿಕೆ ಸಿ ಭಾಷೆಯಲ್ಲಿ ಒಂದೇ ಹೆಸರು. ಅಸೆಂಬ್ಲಿ ಪಟ್ಟಿ ತೆರೆದರೆ ಅಲ್ಲಿ ಅದನ್ನು ಓದಲು ಒಂದರ ಕೆಳಗೊಂದು ಎರಡು ಸಾಲು, ಬೈಟಿಗೊಂದು.